ದುಡ್ಡು ಸರ್ಕಾರದ್ದು, ಹಾಸಿಗೆ ಕಂಪನಿಯದ್ದು

ಸರ್ಕಾರ ದುಡ್ಡು ಕೊಟ್ರೆ ಸಾಕಾ?
ಮಗೂನ ನೋಡ್ಕೊಳ್ಳೋರು ಯಾರು ಅಂತ ಕೇಳೋದು ಬೇಡ್ವಾ?

ಇಂಗ್ಲೆಂಡ್ ಕಥೆ ಕೇಳಿ.
ಅಲ್ಲಿ ಎನ್‌ಎಚ್‌ಎಸ್ ಇದೆ. ತೆರಿಗೆ ದುಡ್ಡಲ್ಲಿ ನಡೆಯೋ ಆರೋಗ್ಯ ಸೇವೆ.
ಖಿನ್ನತೆ, ಊಟ ಬಿಡೋ ಕಾಯಿಲೆ, ಸಾಯೋ ಯೋಚನೆ...
ಪರಿಸ್ಥಿತಿ ಕೈಮೀರಿದ್ರೆ ಮಕ್ಕಳನ್ನ ಆಸ್ಪತ್ರೆಗೆ ಸೇರಿಸ್ತಾರೆ.
ಮನೆಯವರು ಬಿಲ್ ಕಟ್ಬೇಕಾಗಿಲ್ಲ.

ಆದ್ರೆ ಆ ಹಾಸಿಗೆಗಳಲ್ಲಿ ಎಷ್ಟೋ ಖಾಸಗಿ ಕಂಪನಿಗಳದ್ದು.

ನಮ್ಮ ಆರ್‌ಟಿಇ ಸೀಟು ಗೊತ್ತಲ್ಲ?
ಶಾಲೆ ಖಾಸಗಿ, ಫೀಸು ಸರ್ಕಾರದ್ದು. ಹಾಗೇ ಇದು.
ಆದ್ರೆ ಇಲ್ಲಿ ಮಗು ಸಂಜೆ ಮನೆಗೆ ಬರಲ್ಲ.
ವಾರಗಟ್ಲೆ, ತಿಂಗಳುಗಟ್ಲೆ ಅಲ್ಲೇ.
ಹತ್ರ ಹಾಸಿಗೆ ಸಿಗದಿದ್ರೆ, ಕೆಲವೊಮ್ಮೆ ನೂರಾರು ಮೈಲಿ ದೂರ.
ಅಮ್ಮ ಹೋಗಿ ನೋಡ್ಕೊಂಡು ಬರೋಕೆ ಇಡೀ ದಿನ ಬೇಕು.

2012. ಪ್ರಯರಿ ಅನ್ನೋ ಖಾಸಗಿ ಕಂಪನಿಯ ಟೈಸ್‌ಹರ್ಸ್ಟ್ ಹೌಸ್ ಆಸ್ಪತ್ರೆ.
ಎನ್‌ಎಚ್‌ಎಸ್ ದುಡ್ಡಲ್ಲಿ ದಾಖಲಾಗಿದ್ದ 14 ವರ್ಷದ ಹುಡುಗಿ ಪ್ರಾಣ ಕಳ್ಕೊಂಡಳು.
ಕಂಪನಿ ಕೋರ್ಟಲ್ಲಿ ತಪ್ಪೊಪ್ಪಿಕೊಂಡಿತು.
ದಂಡ, 3 ಲಕ್ಷ ಪೌಂಡ್.
ಯಾವಾಗ? 2019ರಲ್ಲಿ!

ಹಾಗಂತ ಖಾಸಗಿಯವರನ್ನ ಮಾತ್ರ ಬೈಬೇಡಿ.
ಅದೇ 2019ರಲ್ಲಿ, ಮಿಡಲ್ಸ್‌ಬರೋ ಊರಿನ ವೆಸ್ಟ್ ಲೇನ್ ಆಸ್ಪತ್ರೆ.
ಎನ್‌ಎಚ್‌ಎಸ್ ತಾನೇ ನಡೆಸ್ತಿದ್ದದ್ದು.
ಇಬ್ಬರು ಹುಡುಗಿಯರು ಸತ್ತ ಮೇಲೆ ಅದನ್ನ ಮುಚ್ಚಿದ್ರು.

ಬೋರ್ಡು ಯಾರದ್ದಾದ್ರೂ ಇರಲಿ.
ರಾತ್ರಿ ಪಾಳಿಯ ನರ್ಸ್‌ಗೆ ಆ ಮಗು ಗೊತ್ತಾ?
ಇಲ್ಲ, ನರ್ಸ್‌ಗಳನ್ನ ಕಳಿಸೋ ಏಜೆನ್ಸಿಯಿಂದ ಅವತ್ತೇ ಬಂದವರಾ?
ದುಡ್ಡು ಕೊಡೋ ಸರ್ಕಾರ ಮೊದಲು ಕೇಳ್ಬೇಕಾದ್ದು ಇದನ್ನ.

ನಿಮ್ಮನೆ ಮಗು ಮಂಕಾಗಿದ್ಯಾ? ಕಾಯಬೇಡಿ.
ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ.
ಉಚಿತ. ಕನ್ನಡದಲ್ಲೇ ಮಾತಾಡ್ಬಹುದು.