ಪೆನ್ ಡ್ರೈವ್ ಚುಚ್ಚಿದರೆ ಸಾಕು ಎನ್ನುವಂತಾಗಿದ್ದು ಹೇಗೆ?

ಹೊರನಾಡು, ಕಳಸದ ಆಸುಪಾಸಿನ ಕಾಫಿ ತೋಟದ ಮನೆಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನೆಚ್ಚಿಕೊಂಡು ಸಿನಿಮಾ ನೋಡುವುದು ಕಷ್ಟ. ಯಕ್ಷಗಾನವೋ ಸಿನಿಮಾವೋ, ಪೆನ್ ಡ್ರೈವ್‌ಗೆ ತುಂಬಿಸಿಕೊಂಡು ಬಂದರೆ ನಿಶ್ಚಿಂತೆ. ಟಿ.ವಿ.ಗೆ ಜೋಡಿಸಿದ ರಾಸ್ಪ್‌ಬೆರಿ ಪೈಯಂಥ ಪುಟ್ಟ ಲಿನಕ್ಸ್ ಪೆಟ್ಟಿಗೆಗೆ ಅದನ್ನು ಚುಚ್ಚಿದರೆ ವಿಡಿಯೋ ತೋರಿಸುವ ‘ಕೋಡಿ’ ತಂತ್ರಾಂಶದ ಪರದೆಯಲ್ಲಿ ಡ್ರೈವ್‌ನ ಹೆಸರು ಮೂಡುತ್ತದೆ. ಇಷ್ಟು ಸಲೀಸಾಗಲು ವರ್ಷಗಳೇ ಹಿಡಿದವು.

ಡಿಸ್ಕನ್ನು ಫೋಲ್ಡರಿಗೆ ಸೇರಿಸಿ ತೆರೆಯುವ ‘ಮೌಂಟ್’ ಆಜ್ಞೆ 1971ರ ಮೊದಲ ಯುನಿಕ್ಸ್‌ನಲ್ಲೇ ಇತ್ತು. ಯಾವ ಡಿಸ್ಕನ್ನು ಯಾವ ಫೋಲ್ಡರಿಗೆ ಸೇರಿಸಬೇಕೆಂದು ಹೇಳಲು ಕಂಪ್ಯೂಟರ್ ಕೋಣೆಯಲ್ಲಿ ಮೇಲ್ವಿಚಾರಕನಿದ್ದ. 1991ರಲ್ಲಿ ಬಂದ ಲಿನಕ್ಸ್ ಅದೇ ರೂಢಿ ಹಿಡಿಯಿತು. 2000ದಲ್ಲಿ ಪೆನ್ ಡ್ರೈವ್ ಅಂಗಡಿಗೆ ಬಂದ ಮೇಲೆ ಇಕ್ಕಟ್ಟು ಶುರುವಾಯಿತು: ಡ್ರೈವ್ ಹಾಕಿ ತೆಗೆಯುವವರು ಮನೆಮಂದಿ, ಮೌಂಟ್ ಮಾಡುವ ಅಧಿಕಾರ ‘ರೂಟ್’ ಎಂಬ ಮೇಲ್ವಿಚಾರಕ ಬಳಕೆದಾರನದು.

2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ‘ಯುಡೆವ್’ ಎಂಬ ತಂತ್ರಾಂಶ ತಂದರು. ಹೊಸ ಡ್ರೈವ್ ಬಂತೆಂದು ಲಿನಕ್ಸ್‌ನ ತಿರುಳಾದ ಕರ್ನಲ್ ಸುದ್ದಿ ಕೊಟ್ಟ ಕೂಡಲೇ ಯುಡೆವ್ ಅದರ ಗುರುತನ್ನು ಓದಿಕೊಳ್ಳುತ್ತದೆ. ಎರಡು ಡ್ರೈವ್ ಹಾಕಿದಾಗ ಲಿನಕ್ಸ್ ಕೊಡುವ ಹೆಸರಿನಲ್ಲಿ ಯಾವುದು ‘ಎಸ್‌ಡಿಎ’, ಯಾವುದು ‘ಎಸ್‌ಡಿಬಿ’ ಎಂಬುದು ಅದಲುಬದಲಾಗಬಹುದು. ಡ್ರೈವ್‌ನಲ್ಲೇ ಬರೆದಿರುವ ‘ಯುಯುಐಡಿ’ ಎಂಬ ಗುರುತುಸಂಖ್ಯೆ ಹಾಗೆ ಬದಲಾಗದು. ಮುಂದೆ ಡೇವಿಡ್ ಝೂಥೆನ್ ಮುಂದಾಳತ್ವದ ‘ಹ್ಯಾಲ್’, ಆಮೇಲೆ ‘ಯುಡಿಸ್ಕ್ಸ್’ ಎಂಬ ತಂತ್ರಾಂಶಗಳು ಸಾಮಾನ್ಯ ಬಳಕೆದಾರನ ಪರವಾಗಿ ಮೌಂಟ್ ಮಾಡುವ ಹೊಣೆ ಹೊತ್ತವು.

ಆದರೂ ಡೆಸ್ಕ್‌ಟಾಪ್‌ನಲ್ಲಿ ‘ಇದನ್ನು ತೆರೆ’ ಎಂದು ಯುಡಿಸ್ಕ್ಸ್‌ಗೆ ಹೇಳುವುದು ಫೈಲ್ ಮ್ಯಾನೇಜರ್. ಟಿ.ವಿ. ಪೆಟ್ಟಿಗೆಯಲ್ಲಿ ಡೆಸ್ಕ್‌ಟಾಪೇ ಇಲ್ಲ, ಹೇಳುವವರು ಯಾರು? ರಾಸ್ಪ್‌ಬೆರಿ ಪೈಯ ‘ಲೈಟ್’ ಆವೃತ್ತಿ ಹಾಕಿಕೊಂಡವರ ಡ್ರೈವ್ ತಾನಾಗಿ ತೆರೆದುಕೊಳ್ಳದಿರುವುದು ಇದಕ್ಕೇ. 2009ರ ಓಪನ್‌ಎಲೆಕ್, 2016ರಲ್ಲಿ ಅದರಿಂದ ಕವಲೊಡೆದ ಲಿಬ್ರೆಎಲೆಕ್ ಎಂಬ ಕೋಡಿಗಾಗಿಯೇ ಕಟ್ಟಿದ ಲಿನಕ್ಸ್‌ಗಳು ಫೈಲ್ ಮ್ಯಾನೇಜರ್ ಎಂಬ ಮಧ್ಯವರ್ತಿಯನ್ನೇ ಬಿಟ್ಟವು. ಯುಡೆವ್ ನಿಯಮವೇ ನೇರವಾಗಿ ಮೌಂಟ್ ಮಾಡಿಸುವಂತೆ ಕಟ್ಟಿದವು.

ಇನ್ನೊಂದು ತೊಡಕು ಡ್ರೈವ್‌ನ ಫಾರ್ಮ್ಯಾಟ್‌ನದು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ; ಇಡೀ ರಾತ್ರಿಯ ಯಕ್ಷಗಾನದ ವಿಡಿಯೋ ಅದರಲ್ಲಿ ಹಿಡಿಸುವುದು ಕಷ್ಟ. ಮೈಕ್ರೋಸಾಫ್ಟ್ 2006ರಲ್ಲಿ ತಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ, ಆದರೆ ಅದರ ವಿವರಗಳನ್ನು ಕಂಪನಿ ಪ್ರಕಟಿಸಿದ್ದು 2019ರಲ್ಲಿ. ಆ ವರ್ಷವೇ ಲಿನಕ್ಸ್ ಕರ್ನಲ್ 5.4ಕ್ಕೆ ಎಕ್ಸ್‌ಫ್ಯಾಟ್ ಸೇರಿತು.

ತೆರೆಯುವ ಕೆಲಸವನ್ನು ಪೆಟ್ಟಿಗೆ ಕಲಿತಿದೆ, ಮುಚ್ಚುವುದನ್ನಲ್ಲ. ಡ್ರೈವ್‌ಗೆ ಬರೆಯಬೇಕಾದ್ದನ್ನು ಲಿನಕ್ಸ್ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಆ ಹೊತ್ತಿನಲ್ಲಿ ಡ್ರೈವ್ ಕಿತ್ತರೂ ಕರೆಂಟು ಹೋದರೂ ಫೈಲ್ ಕೆಡಬಹುದು. ಗಾಳಿಮಳೆಗೆ ಕರೆಂಟು ಕೈಕೊಡುವ ಈ ಕಡೆ ಸಣ್ಣದೊಂದು ಯುಪಿಎಸ್ ಇಟ್ಟುಕೊಳ್ಳುವುದು, ಕೀಳುವ ಮುನ್ನ ಕೋಡಿಯ ಮೆನುವಿನಲ್ಲಿ ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತುವುದು ಮನೆಯವರಿಗೇ ಬಿಟ್ಟದ್ದು.