ಕಲ್ಲೂರು ಮೀನಿನ ಜೀವನಕ್ರಮ: ಕೆರೆಗಳ ಮೀನು ಸಂರಕ್ಷಣೆಗೆ ಒಂದು ಪಾಠ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)

ಸಂವಿಧಾನದ 11ನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 5ನೆಯದು ಮೀನುಗಾರಿಕೆ. ಬದನಗುಪ್ಪೆಯಂತಹ ಒಳನಾಡಿನ ಪಂಚಾಯಿತಿಗಳಿಗೆ ಸಮುದ್ರ ದೂರವಾದರೂ, ಕಲ್ಲೂರು ಎಂಬ ಕಡಲ ಮೀನಿನ ಜೀವನಕ್ರಮವು ಕೆರೆಯ ಮೀನು ರಕ್ಷಣೆಯ ಮೂಲತತ್ತ್ವವನ್ನು ಸ್ಪಷ್ಟವಾಗಿ ತಿಳಿಸುತ್ತದೆ.

ವಾಸ ಮತ್ತು ಆಹಾರ

ಕಲ್ಲೂರು ತೀರಕ್ಕೆ ಸಮೀಪದ ಕೆಸರು ಹಾಗೂ ಮರಳು ತಳದಲ್ಲಿ ಗುಂಪಾಗಿ ವಾಸಿಸುತ್ತದೆ. ಸಿಗಡಿ ಮತ್ತು ಸಣ್ಣ ಮೀನುಗಳು ಇದರ ಮುಖ್ಯ ಆಹಾರ. ಈ ಕುಲದ ಹಲವು ಮೀನುಗಳ ಮರಿಗಳು ನದಿ ಸಮುದ್ರ ಸೇರುವ ಅಳಿವೆಗಳಲ್ಲಿ ಬೆಳೆಯುತ್ತವೆ. ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಿಗೆ ಇದು ಹೆಚ್ಚಾಗಿ ಟ್ರಾಲ್ ಬಲೆಗಳಲ್ಲಿ ಸಿಕ್ಕಿ ಬರುತ್ತದೆ. ಇದೇ ಕುಲದ ದೊಡ್ಡ ಮೀನಾದ ಘೋಲ್ ಅನ್ನು ಗುಜರಾತ್ ಸರ್ಕಾರವು 2023ರಲ್ಲಿ ರಾಜ್ಯ ಮೀನೆಂದು ಘೋಷಿಸಿತು.

ಧ್ವನಿ ಮತ್ತು ಸಂತಾನೋತ್ಪತ್ತಿ

ಈ ಕುಲದ ಮೀನುಗಳು ಧ್ವನಿ ಮಾಡುತ್ತವೆ. ಹೊಟ್ಟೆಯೊಳಗಿನ ಗಾಳಿಚೀಲದ ಪಕ್ಕದ ಸ್ನಾಯುಗಳು ವೇಗವಾಗಿ ಕುಗ್ಗಿ ಹಿಗ್ಗುವಾಗ ಚೀಲವು ಡೋಲಿನಂತೆ ಮೊಳಗುತ್ತದೆ. ಹಲವು ಪ್ರಭೇದಗಳಲ್ಲಿ ಈ ಸ್ನಾಯು ಗಂಡಿಗೆ ಮಾತ್ರ ಇರುತ್ತದೆ. ಮೊಟ್ಟೆಯಿಡುವ ಕಾಲದಲ್ಲಿ ಮೀನುಗಳು ಒಂದೆಡೆ ನೆರೆದಾಗ ಈ ಸದ್ದು ಹೆಚ್ಚುತ್ತದೆ. ಇವುಗಳ ತಲೆಯೊಳಗಿನ ಕಿವಿಕಲ್ಲು ಸಹ ದೊಡ್ಡದು. ಅದರ ಉಂಗುರಗಳನ್ನು ಎಣಿಸಿ ವಿಜ್ಞಾನಿಗಳು ಮೀನಿನ ವಯಸ್ಸನ್ನು ಅಂದಾಜಿಸುತ್ತಾರೆ.

ಧ್ವನಿಯೇ ಕುತ್ತಾದ ಬಗೆ

ಸದ್ದು ಎಲ್ಲಿದೆಯೋ ಅಲ್ಲಿ ಮೀನಿನ ದೊಡ್ಡ ಗುಂಪು ಇರುತ್ತದೆ. ಚೀನಾದಲ್ಲಿ 1950ರ ದಶಕದಲ್ಲಿ ದೋಣಿಗಳು ಸುತ್ತುವರಿದು ಮರದ ಹಲಗೆಗಳನ್ನು ಬಡಿಯುವ ವಿಧಾನ ವ್ಯಾಪಕವಾಯಿತು. ಆ ಕಂಪನವು ಕಿವಿಕಲ್ಲಿಗೆ ತಾಗಿ ಹಳದಿ ಕಲ್ಲೂರು ಮೀನುಗಳು ದೊಡ್ಡವು ಮರಿಗಳೆನ್ನದೆ ಪ್ರಜ್ಞೆ ತಪ್ಪಿ ಬಲೆಗೆ ಬಿದ್ದವು. 1970ರ ದಶಕದಲ್ಲಿ ಚಳಿಗಾಲದ ನೆಲೆಗಳಲ್ಲಿಯೂ ಮಿತಿಮೀರಿ ಹಿಡಿಯಲಾಯಿತು. ಪರಿಣಾಮವಾಗಿ 1980ರ ದಶಕದ ವೇಳೆಗೆ ಸಮುದ್ರದಲ್ಲಿನ ಸಂತತಿ ಕುಸಿಯಿತು. ಇಂದು ಅಲ್ಲಿ ಮಾರುಕಟ್ಟೆಗೆ ಬರುವುದು ಬಹುಪಾಲು ಸಾಕಿದ ಮೀನು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಿರುವುದು ಮೀನುಗಳ ಸಂತಾನೋತ್ಪತ್ತಿಗೆ ಅವಕಾಶ ನೀಡುವ ಉದ್ದೇಶದಿಂದಲೇ.

ಕೆರೆಗಳಿಗೆ ಅನ್ವಯ

ಕಾಟ್ಲಾ, ರೋಹು ಮೀನುಗಳು ಕೆರೆಯ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅವುಗಳ ಮರಿಗಳನ್ನು ಪ್ರತಿ ಬಾರಿ ತಂದು ಬಿತ್ತನೆ ಮಾಡಬೇಕಾಗುತ್ತದೆ. ಆದರೆ ಗೆಂಡೆ ಮೊದಲಾದ ಸ್ಥಳೀಯ ಮೀನುಗಳಿಗೆ ಬಿತ್ತನೆಯ ಆಸರೆಯಿಲ್ಲ. ಅವುಗಳಲ್ಲಿ ಹಲವು ಮಳೆ ಬಿದ್ದೊಡನೆ ಹೊಸನೀರಿಗೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ. ಅಂತಹ ಸಮಯದಲ್ಲಿ ಹಳ್ಳದ ಬಾಯಲ್ಲಿ ಬಲೆ ಒಡ್ಡಿದರೆ ಒಂದೇ ದಿನದ ಹಿಡುವಳಿಯಲ್ಲಿ ಮುಂದಿನ ವರ್ಷದ ಮೀನು ಹೋಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಮೊದಲ ಮಳೆಯ ವಾರಗಳಲ್ಲಿ ಕೆರೆಗೆ ನೀರು ಬರುವ ಹಳ್ಳ, ಕಾಲುವೆಗಳಲ್ಲಿ ಅಡ್ಡಬಲೆ ಒಡ್ಡದಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು.

2. ಮೀನು ಪಾಶುವಾರು ಹಕ್ಕು ಪಡೆದವರು ಮರಿಗಳು ಪಾರಾಗುವಷ್ಟು ಅಗಲ ಕಣ್ಣಿನ ಬಲೆ ಬಳಸುವಂತೆ ಸೂಚಿಸುವುದು.

3. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿಯುವುದು ಅಪರಾಧವಾದ್ದರಿಂದ, ಕಂಡುಬಂದಲ್ಲಿ ಕೂಡಲೇ ಪೊಲೀಸರಿಗೆ ಹಾಗೂ ಮೀನುಗಾರಿಕೆ ಇಲಾಖೆಗೆ ತಿಳಿಸುವುದು.

ಕಡಲಾಗಲಿ ಕೆರೆಯಾಗಲಿ, ಮರಿ ಮಾಡಲು ನೆರೆದ ಮೀನನ್ನು ಕೆಲವು ವಾರಗಳ ಕಾಲ ಬಿಟ್ಟಲ್ಲಿ ಮಾತ್ರ ವರ್ಷವಿಡೀ ಮೀನು ದೊರೆಯುತ್ತದೆ.