ಪಾದದ ಆರೈಕೆ: ಯಾರ ಸಲಹೆ ಕೇಳಬೇಕು?

ರಾಜರಾಜೇಶ್ವರಿನಗರದಲ್ಲಿ ಮನೆಯೊಳಗೂ ಚಪ್ಪಲಿ ಧರಿಸಿ ಓಡಾಡುವವರು ಎಷ್ಟು ಮಂದಿ? ಮನೆಯಿರಲಿ, ಮಸೀದಿಯಿರಲಿ, ದೇವಸ್ಥಾನವಿರಲಿ, ಬಾಗಿಲಲ್ಲೇ ಚಪ್ಪಲಿ ಬಿಡುವುದು ನಮ್ಮ ರೂಢಿ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಕಾದ ಕಲ್ಲು ಸುಟ್ಟರೂ, ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ಆ ಸಣ್ಣ ಗಾಯವೇ ಹುಣ್ಣಾಗಿ, ಸೋಂಕು ಮೂಳೆಗಿಳಿದರೆ ಕಾಲನ್ನೇ ಕತ್ತರಿಸಬೇಕಾಗಬಹುದು.

ಸಲಹೆಗಳಿಗಂತೂ ಬರವಿಲ್ಲ. ಒಬ್ಬರು ಅರಿಶಿನ ಎನ್ನುತ್ತಾರೆ, ಇನ್ನೊಬ್ಬರು ಜೇನು ಎನ್ನುತ್ತಾರೆ. ವೈದ್ಯರಿಗಾಗಿಯೂ ಹಲವು ಮಾರ್ಗಸೂಚಿಗಳಿವೆ. ಅವುಗಳ ಗುಣಮಟ್ಟ ಅಳೆಯಲು 2010ರಲ್ಲಿ ‘ಅಗ್ರೀ-2’ ಎಂಬ ಮಾನದಂಡ ಬಂತು. ಅದರಲ್ಲಿ 6 ವಿಭಾಗ, 23 ಪ್ರಶ್ನೆ. ಪ್ರತಿಯೊಂದಕ್ಕೂ 1ರಿಂದ 7 ಅಂಕ. ಅದರ ಸಾರ ನಮಗೂ ಉಪಯುಕ್ತ.

ಮೊದಲನೆಯದು, ಸಲಹೆಗೆ ಆಧಾರವೇನು? ಮಧುಮೇಹ ಪಾದದ ಅಂತಾರಾಷ್ಟ್ರೀಯ ಕಾರ್ಯತಂಡವು 1999ರಲ್ಲಿ ಮೊದಲ ಮಾರ್ಗಸೂಚಿ ಹೊರತಂದಿತು. ಅಧ್ಯಯನಗಳನ್ನು ತೂಗಿ ನೋಡಿದ ಅದರ 2023ರ ಆವೃತ್ತಿ, ಹುಣ್ಣು ಮಾಯಲೆಂದು ಜೇನು ಹಚ್ಚಬೇಡಿ ಎನ್ನುತ್ತದೆ. ಎರಡನೆಯದು, ಮಾತು ಸ್ಪಷ್ಟವಾಗಿದೆಯೇ? ಪಾದದಲ್ಲಿ ಹುಣ್ಣು ಕಂಡರೆ ‘ಬೇಗ ತೋರಿಸಿ’ ಎಂದರೆ ಸಾಲದು. ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ‘ಒಂದು ಕೆಲಸದ ದಿನದೊಳಗೆ’ ತಜ್ಞರ ಬಳಿ ಕಳಿಸಬೇಕೆಂದು ನಿಗದಿ ಮಾಡಿದೆ. ಮೂರನೆಯದು, ಬರೆದವರಿಗೆ ಔಷಧಿ ಕಂಪೆನಿಗಳ ಹಂಗಿದೆಯೇ? ಇದ್ದರೆ ಅದನ್ನು ಬಹಿರಂಗಪಡಿಸಿದ್ದಾರೆಯೇ?

ಕೊನೆಯದಾಗಿ, ಅದನ್ನು ಪಾಲಿಸಲು ಸಾಧ್ಯವೇ? ಸಾಮಾನ್ಯವಾಗಿ ಮಾರ್ಗಸೂಚಿಗಳು ಸೋಲುವುದು ಇಲ್ಲಿಯೇ. ಅಪಾಯವಿರುವವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂಬ ಸಲಹೆ ಸರಿಯಾದದ್ದೇ. ನಮ್ಮ ಮನೆಗಳಲ್ಲಿ ಅದು ನಡೆಯಬೇಕಾದರೆ ಒಳಗೆ ಮಾತ್ರ ಬಳಸುವ ಒಂದು ಜೊತೆ ಚಪ್ಪಲಿಯನ್ನು ಬೇರೆಯಾಗಿಡಬೇಕು. ವುಝೂ ಮಾಡುವವರಿಗಂತೂ ಪಾದ ನೋಡಿಕೊಳ್ಳಲು ಬೇರೆ ಹೊತ್ತು ಬೇಕಿಲ್ಲ. ತೊಳೆದ ಮೇಲೆ ಬೆರಳುಗಳ ಸಂದನ್ನು ಒಣಬಟ್ಟೆಯಿಂದ ಒರೆಸಿ, ಅಂಗಾಲನ್ನು ಒಮ್ಮೆ ನೋಡಿ. ಕಣ್ಣು ಮಂಜಾದ ಹಿರಿಯರಿಗೆ ಮಕ್ಕಳು ನೋಡಿ ಹೇಳಲಿ. ನೀರು ಬಿಸಿಯಿದ್ದರೆ ಮೊಣಕೈ ಅದ್ದಿ ಪರೀಕ್ಷಿಸಿ, ಪಾದವನ್ನು ನಂಬಬೇಡಿ. ಆಣಿಯನ್ನು ನೀವೇ ಕುಯ್ಯಬೇಡಿ, ಅದಕ್ಕೆ ಪಟ್ಟಿಯನ್ನೂ ಅಂಟಿಸಬೇಡಿ.

ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಸಕ್ಕರೆಯ ರಿಪೋರ್ಟ್ ಮಾತ್ರ ತೋರಿಸಿ ಬರಬೇಡಿ. ಕಾಲುಚೀಲ ಕಳಚಿ, ಪಾದ ಪರೀಕ್ಷಿಸಲು ಕೇಳಿಕೊಳ್ಳಿ. ತೆಳ್ಳಗಿನ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನ ನೋಡಲು ಕೆಲವೇ ನಿಮಿಷ ಸಾಕು. ತೊಂದರೆ ಇಲ್ಲದವರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಬೇಕು. ಹಿಂದೆ ಹುಣ್ಣಾಗಿ ಸ್ಪರ್ಶಜ್ಞಾನ ಕುಂದಿದವರಿಗೆ 1ರಿಂದ 3 ತಿಂಗಳಿಗೊಮ್ಮೆ.